ನೈಲಾನ್ ತಂತಿಯ ಗಿಟಾರು

ನಾರಾಯಣಪೇಟೆ,
12 ಜನವರಿ 2014

ಶಂಕರಯ್ಯನಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ತಿಳಿದಿರುತ್ತದೆ. ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದೀಯ ಅಂದರೆ ಇನ್ನೊಂದು ಪುಟ ಓದುವುದು ಕಷ್ಟವಲ್ಲ. ನಿನ್ನ ಫೋನ್ ನಂಬರ್ ನನ್ನ ಹತ್ತಿರ ಇದೆ. ಆದರೆ ಫೋನಾದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೆ ಬಿಡುವ ಸ್ವಭಾವ ನಿನ್ನದಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು ಈಗ ಬೇಡ. ನಾನೂ ಎತ್ತುವುದಿಲ್ಲ, ನೀನೂ ಎತ್ತಬೇಡ. ಕೆಲಸದ ಮಾತಿಗೆ ಬರುತ್ತೇನೆ.

ನನ್ನ ಮಗಳು ಶಿವರಂಜನಿ ಹೈದರಾಬಾದಿನಲ್ಲಿ ಡಿಗ್ರಿ ಮುಗಿಸಿ ಈಗ ಅಲ್ಲೇ ಬಿ.ಎಡ್. ಓದುತ್ತಿದ್ದಾಳೆ, ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಹಾಸ್ಟೆಲಿನ ಗೆಳತಿಯ ಗಿಟಾರು ಹಿಡಿದು ಅಲ್ಲೇ ಒಬ್ಬ ಮೇಷ್ಟ್ರ ಹತ್ತಿರ ನಾಲ್ಕು ವರ್ಷ ಕಲಿತಿದ್ದಾಳೆ. ಪರಪರ ಕೆರೆಯುವ ಗಿಟಾರಲ್ಲ, ಕ್ಲಾಸಿಕಲ್ ಅಂತೆ, ಬೆರಳಿನಿಂದ ಒಂದೊಂದೇ ತಂತಿ ಮೀಟುವುದು. ಮಕ್ತಲ್‌ನಲ್ಲಿ ಹೊಸದಾಗಿ ತೆರೆಯುವ ಶಾಲೆಯವರು ಅವಳನ್ನು ಸಂಗೀತದ ಟೀಚರ್ ಆಗಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಒಂದೇ ಷರತ್ತು, ಜೂನ್ ಹನ್ನೆರಡಕ್ಕೆ ಶಾಲೆ ತೆರೆಯುವ ಹೊತ್ತಿಗೆ ಕೈಯಲ್ಲಿ ಸ್ವಂತ ವಾದ್ಯ ಇರಬೇಕು. ಮಗಳು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಂಥ ಕೆಲಸ. ಅವಳಿಗಿಂತ ನನಗೇ ಇದು ಹೆಚ್ಚು ಬೇಕಾಗಿದೆ ಎಂದು ನಿನ್ನ ಹತ್ತಿರ ಮುಚ್ಚಿಡುವುದೇನು.

ನೀನು ಗದ್ವಾಲದಲ್ಲಿ ಹಾರ್ಮೋನಿಯಂ, ಗಿಟಾರು ರಿಪೇರಿಯ ಅಂಗಡಿ ಇಟ್ಟಿದ್ದೀಯ, ಕರ್ನೂಲಿನಿಂದಲೂ ಜನ ಹುಡುಕಿಕೊಂಡು ಬರುತ್ತಾರೆ ಅಂತ ಕೇಳಿದ್ದೇನೆ. ಆದ್ದರಿಂದ ಕೇಳುತ್ತಿದ್ದೇನೆ, ಯಾವ ಬ್ರ್ಯಾಂಡು ಒಳ್ಳೆಯದು? ಹೆಸರು ಒಂದು ಹೇಳು, ಮಿಕ್ಕಿದ್ದು ನನಗೆ ಬಿಡು. ಮೂವತ್ತೈದು ವರ್ಷ ಸೀರೆ ಹಿಡಿದ ಕೈ ಇದು. ಕಣ್ಣು ಮುಚ್ಚಿ ಸೆರಗು ಮುಟ್ಟಿದರೆ ಯಾವ ಊರಿನ ಮಗ್ಗದ್ದು ಅಂತ ಹೇಳಬಲ್ಲೆ. ಗಿಟಾರು ಅದಕ್ಕಿಂತ ಕಷ್ಟವೇನಲ್ಲ. ಅದೂ ಒಂದಿಷ್ಟು ಮರ, ಆರು ಎಳೆ ದಾರ.

ನಿನ್ನ ಉತ್ತರಕ್ಕೆ ಕಾದಿರುವ,
ಗುರುಲಿಂಗ


ಗದ್ವಾಲ,
27 ಜನವರಿ 2014

ಗುರುಲಿಂಗ ಅವರಿಗೆ,

ನಿಮ್ಮ ಕಾಗದ ಸಂಕ್ರಾಂತಿಯ ಮರುದಿನವೇ ಬಂತು. ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಬರೆಯುತ್ತಿರುವುದು ಹುಡುಗಿಗಾಗಿ. ನಿಮ್ಮ ಅಂಗಡಿಯಲ್ಲಿ ನಾವಿಬ್ಬರೂ ಸೀರೆ ಮಡಿಚುವಾಗ ನಡುವೆ ಕೂತು ನನ್ನ ಹಾರ್ಮೋನಿಯಮ್ಮಿನ ತಿದಿ ಒತ್ತುತ್ತಿದ್ದವಳು ಈಗ ಟೀಚರ್ ಆಗುತ್ತಾಳೆ ಅಂದರೆ ನನಗೆ ಸಂತೋಷವೇ.

ನೀವು ಬ್ರ್ಯಾಂಡಿನ ಹೆಸರು ಕೇಳಿದ್ದೀರಿ. ನಾನು ಹೇಳುವುದಿಲ್ಲ. ಒಂದೇ ಹೆಸರಿನಲ್ಲಿ ನಾಲ್ಕು ಸಾವಿರದ್ದೂ ಬರುತ್ತದೆ, ನಲವತ್ತು ಸಾವಿರದ್ದೂ ಬರುತ್ತದೆ, ಒಳಗೆ ಅಂಟಿಸಿದ ಚೀಟಿ ಮಾತ್ರ ಒಂದೇ. ಒಂದು ಬ್ರ್ಯಾಂಡಿನ ಯೋಗ್ಯತೆ ತಿಳಿಯಬೇಕಾದರೆ ಅದೇ ಮಾದರಿಯ ಮೂರು ಗಿಟಾರು ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಒಂದೇ ಸಮ ಇದ್ದರೆ ಮಾಡಿದವರಿಗೆ ಕೆಲಸ ಗೊತ್ತಿದೆ. ಒಂದು ಚೆನ್ನಾಗಿದ್ದು ಎರಡು ಡೊಂಕಾಗಿದ್ದರೆ ಆ ಒಂದು ಅದೃಷ್ಟದಿಂದ ಚೆನ್ನಾಗಿದೆ ಅಷ್ಟೆ.

ಆಮೇಲೆ ಮರ. ಮುಂದಿನ ಹಲಗೆಯ ನಡುವೆ ದುಂಡನೆಯ ಬಾಯಿ ಇರುತ್ತದೆ. ಅದರ ಅಂಚಿಗೆ ಬ್ಯಾಟರಿ ಹಿಡಿಯಿರಿ. ಮೇಲೆ ಕಾಣುವ ಮರದ ಗೆರೆ ಅಂಚಿನಲ್ಲಿ ಕೆಳಗಿನವರೆಗೂ ಇಳಿದಿದ್ದರೆ ಅದು ಇಡೀ ಹಲಗೆ. ಪದರ ಪದರ ಕಂಡರೆ ಪ್ಲೈವುಡ್. ಇಡೀ ಹಲಗೆಯ ದನಿ ವರ್ಷ ಕಳೆದ ಹಾಗೆ ಬಿಚ್ಚಿಕೊಳ್ಳುತ್ತದೆ, ಪ್ಲೈವುಡ್ಡಿನದು ಕೊಂಡ ದಿನ ಎಷ್ಟೋ ಅಷ್ಟೇ. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೇರ ಇದೆಯೇ ನೋಡಿ. ಅದರ ಪಕ್ಕಕ್ಕೆ ಅಂಗೈ ಸವರಿ. ಮೇಲೆ ಕೂಡಿಸಿದ ಲೋಹದ ಕಡ್ಡಿಗಳ ತುದಿ ಚುಚ್ಚಿದರೆ ಅವಸರದಲ್ಲಿ ಮಾಡಿದ್ದು ಅಂತ ತಿಳಿಯಿರಿ. ತಂತಿ ಕುತ್ತಿಗೆಯಿಂದ ತೀರಾ ಎತ್ತರದಲ್ಲಿದ್ದರೂ ಬೇಡ, ಹುಡುಗಿಯ ಬೆರಳು ನೋಯುತ್ತದೆ. ಕೊನೆಗೆ ಅವಳು ನುಡಿಸಲಿ, ನೀವು ಎದುರಿಗೆ ಹತ್ತು ಹೆಜ್ಜೆ ದೂರ ನಿಂತು ಕೇಳಿ. ನುಡಿಸುವವರ ಕಿವಿಗೆ ಬೀಳುವುದು ಬೇರೆ, ಎದುರಿಗಿದ್ದವರಿಗೆ ಕೇಳಿಸುವುದು ಬೇರೆ.

ಹಳೆಯ ಮಾತು ಎತ್ತಬೇಡ ಎಂದಿದ್ದೀರಿ. ಅವತ್ತೂ ಎತ್ತಿದವನು ನಾನಲ್ಲ.

ಶಂಕರಯ್ಯ


ನಾರಾಯಣಪೇಟೆ,
23 ಫೆಬ್ರವರಿ 2014

ಶಂಕರಯ್ಯ,

ಪಾರ್ಲಿಮೆಂಟಿನಲ್ಲಿ ತೆಲಂಗಾಣದ ಬಿಲ್ಲು ಪಾಸಾದ ಸುದ್ದಿ ಬಂದಾಗ ನಾನು ಹೈದರಾಬಾದಿನ ಒಂದು ವಾದ್ಯದ ಅಂಗಡಿಯಲ್ಲಿ ಗಿಟಾರಿನ ಬಾಯಿಗೆ ಬ್ಯಾಟರಿ ಹಿಡಿದು ಬಗ್ಗಿ ನಿಂತಿದ್ದೆ. ಅಂಗಡಿಯವರು ವ್ಯಾಪಾರ ಬಿಟ್ಟು ಬೀದಿಗೆ ಓಡಿದರು. ಬರುವಾಗ ಮುಖದ ತುಂಬ ಗುಲಾಬಿ ಬಣ್ಣ, ನನಗೂ ಎರಚಿದರು. ಹೊಸ ಅಂಗಿ ಹೋಯಿತು. ಹೋಗಲಿ, ರಾಜ್ಯ ಬಂತಲ್ಲ. ಕನ್ನಡ ಮಾತಾಡುವ ನಾವು ಆ ರಾಜ್ಯದಲ್ಲೂ ಅಂಚಿನಲ್ಲಿದ್ದೆವು, ಈ ರಾಜ್ಯದಲ್ಲೂ ಅಂಚಿನಲ್ಲೇ ಇರುತ್ತೇವೆ. ಸೀರೆಯಲ್ಲಿ ಬೆಲೆ ಇರುವುದೇ ಅಂಚಿಗೆ ಅಂತ ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಿದ್ದೇನೆ.

ನಾಲ್ಕು ಅಂಗಡಿ ತಿರುಗಿದೆ. ನೀನು ಹೇಳಿದ ಹಾಗೆ ಒಂದೇ ಮಾದರಿಯ ಮೂರು ಮೂರು ತೆಗೆಸಿದೆ, ಒಂದು ಕಡೆ ಮಾತ್ರ ಎರಡೇ ಇದ್ದವು. ಒಬ್ಬನಂತೂ ಮೂರೂ ಕೊಳ್ಳುತ್ತೇನೆ ಅಂದುಕೊಂಡು ಚಹಾ ತರಿಸಿದ. ಕುಡಿದು ಮೂರನ್ನೂ ವಾಪಸು ಕೊಟ್ಟೆ. ಒಂದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಡೊಂಕು ಇತ್ತು, ರಂಜನಿಗೆ ಕಾಣಲಿಲ್ಲ, ನನಗೆ ಕಂಡಿತು. ದಿನಾ ಮಗ್ಗದ ಹಾಸು, ಉದ್ದಕ್ಕೆ ಎಳೆದು ಕಟ್ಟಿದ ನೂಲು, ನೋಡಿದ ಕಣ್ಣು. ಆಮೇಲೆ ಅಂಗಡಿಯವನೇ ಪಟ್ಟಿ ಇಟ್ಟು ನೋಡಿ ಒಪ್ಪಿಕೊಂಡ. ಹನ್ನೊಂದರಲ್ಲಿ ಒಂಬತ್ತನ್ನು ನಾನು ಹೊರಗೆ ಹಾಕಿದೆ. ಉಳಿದ ಎರಡನ್ನು ಹಿಡಿದು ನಾನು ಇನ್ನೂ ಮಾತಾಡುತ್ತಿದ್ದಾಗ ರಂಜನಿ ತಡೆಯಲಾರದೆ ಹೇಳಿದಳು, “ಅಪ್ಪಾ, ನೀ ಸ್ವಲ್ಪ ಹೊರಗ ನಿಂದ್ರು. ನಂಗ ನುಡಿಸಿ ನೋಡಾಕ ಬಿಡು.”

ನಿಂತೆ. ಎರಡೂ ಅವಳಿಗೆ ಹಿಡಿಸಲಿಲ್ಲ. ಒಂದರ ದನಿ ಬಾಯಿಯೊಳಗೇ ಉಳಿಯುತ್ತದಂತೆ, ಇನ್ನೊಂದು ಬರೀ ಕೂಗುತ್ತದಂತೆ. ಬರಿಗೈಯಲ್ಲಿ ವಾಪಸು ಬಂದೆವು.

ನಿನ್ನ ಅಂಗಡಿಯಲ್ಲಿ ಏನಾದರೂ ಇದೆಯಾ? ನಿನ್ನ ಕೈಯಿಂದ ಬಂದದ್ದಾದರೆ ನಾನು ಬ್ಯಾಟರಿ ಹಿಡಿದು ನೋಡುವುದಿಲ್ಲ. ಇದನ್ನು ಸುಮ್ಮನೆ ಬರೆದದ್ದಲ್ಲ.

ಗುರುಲಿಂಗ


ಗದ್ವಾಲ,
14 ಮಾರ್ಚ್ 2014

ಗುರುಲಿಂಗ ಅವರಿಗೆ,

ಬ್ಯಾಟರಿ ಹಿಡಿದೇ ನೋಡಿ. ನನಗೇನೂ ಬೇಸರವಿಲ್ಲ.

ಮಕ್ತಲ್ ಮೇಲೆ ಬರುವ ಬಸ್ಸಿನ ಕಂಡಕ್ಟರ್ ರಾಮುಲು ಕೈಯಲ್ಲಿ ಒಂದು ಗಿಟಾರು ಕಳಿಸಿದ್ದೇನೆ. ಅಲಂಪುರದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರದು. ಈಗ ಅವರ ಬೆರಳು ನಡುಗುತ್ತವೆ, ನುಡಿಸಬಲ್ಲವರಿಗೆ ಕೊಡು ಎಂದು ನನ್ನಲ್ಲಿ ಬಿಟ್ಟು ಹೋಗಿದ್ದಾರೆ. ಬ್ರ್ಯಾಂಡಿನ ಹೆಸರು ನೀವು ಕೇಳಿರಲಿಕ್ಕಿಲ್ಲ, ನಾನೂ ಒಳಗಿನ ಚೀಟಿ ಓದಿದ ಮೇಲೆಯೇ ತಿಳಿದದ್ದು. ಮುಂದಿನ ಹಲಗೆ ಇಡೀ ದೇವದಾರು. ಮಾಡಿದವನು ಹಲಗೆಯನ್ನು ಎಷ್ಟು ತೆಳ್ಳಗೆ ಕೆತ್ತಿದ್ದಾನೆ ಅಂದರೆ ಉಗುರಿನಿಂದ ಮುಟ್ಟಿದರೂ ಮಾತಾಡುತ್ತದೆ. ಆರು ವರ್ಷದಲ್ಲಿ ನನ್ನ ಅಂಗಡಿಗೆ ಇಂಥದ್ದು ಇನ್ನೊಂದು ಬಂದಿಲ್ಲ.

ರಂಜನಿ ಬಂದ ಮೇಲೆ ಒಂದು ತಿಂಗಳು ನುಡಿಸಲಿ. ಹಿಡಿಸಿದರೆ ಮಾತ್ರ ಬೆಲೆಯ ಮಾತು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ. ನಮ್ಮ ಕಡೆಯ ಬಿಸಿಲಿಗೆ ಮರ ಒಣಗಿ ಸೀಳುತ್ತದೆ, ಅದಕ್ಕೆ ತೂತು ಹಾಕಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟಿದ್ದೇನೆ. ಎರಡು ದಿನಕ್ಕೊಮ್ಮೆ ಅದನ್ನು ನೀರಿನಲ್ಲಿ ಅದ್ದಿ ಹಿಂಡಿ ಇಡಿ.

ಹನ್ನೊಂದು ವರ್ಷದಲ್ಲಿ ನಾನು ನಾರಾಯಣಪೇಟೆಗೆ ಕಳಿಸುತ್ತಿರುವ ಮೊದಲ ಸರಕು ಇದು.

ಶಂಕರಯ್ಯ


ನಾರಾಯಣಪೇಟೆ,
19 ಏಪ್ರಿಲ್ 2014

ಶಂಕರಯ್ಯ,

ನಿನ್ನ ಗಿಟಾರು ನಿನ್ನೆ ಮಧ್ಯಾಹ್ನ ಕೈಕೊಟ್ಟಿತು.

ಮೊದಲಿನಿಂದ ಹೇಳುತ್ತೇನೆ, ಆಮೇಲೆ ನಾನು ಪೂರ್ತಿ ಹೇಳಲಿಲ್ಲ ಅನ್ನಬೇಡ. ಸ್ಪಂಜು ಒದ್ದೆ ಮಾಡಲು ಪೆಟ್ಟಿಗೆ ತೆಗೆದವನು ಒಂದು ದಿನ ತಂತಿಯ ಮೇಲೆ ಬೆರಳಿಟ್ಟೆ. ನುಣ್ಣಗೆ ಜಾರಿತು. ಮೂಗಿನ ಹತ್ತಿರ ತಂದು, ಬೆಳಕಿಗೆ ಹಿಡಿದು ನೋಡಿದೆ. ನೈಲಾನು. ಆರರಲ್ಲಿ ಮೂರು ಬರೀ ನೈಲಾನು, ಇನ್ನು ಮೂರಕ್ಕೆ ಮೇಲೆ ಬೆಳ್ಳಿಯಂಥ ತಂತಿ ಸುತ್ತಿ ಒಳಗೆ ಅದನ್ನೇ ಮುಚ್ಚಿಟ್ಟಿದ್ದಾರೆ. ನಕಲಿ ಜರಿ ಮಾಡುವವರ ಆಟ ಇದು. ಇಷ್ಟು ಒಳ್ಳೆಯ ಮರಕ್ಕೆ ಇಂಥ ದಾರ ಕಟ್ಟಿ ಯಾರೋ ನಿನಗೆ ಮೋಸ ಮಾಡಿದ್ದಾರೆ ಅಂತ ಮೊದಲು ನಿನ್ನ ಮೇಲೆ ಕರುಣೆಯೇ ಬಂತು. ಮಗಳು ಬರುವಷ್ಟರಲ್ಲಿ ಸರಿ ಮಾಡಿ ಇಡೋಣ ಅಂತ ರಾಯಚೂರಿಗೆ ಹೋಗಿ ಎಲ್ಲಕ್ಕಿಂತ ಗಟ್ಟಿಯಾದ ಸ್ಟೀಲ್ ತಂತಿ ತಂದೆ. ನಾನೇ ಕೂತು ಕಟ್ಟಿದೆ. ಹಾಸು ಸಡಿಲ ಇದ್ದರೆ ಬಟ್ಟೆ ಜೊಳ್ಳಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಒಂದು ಸುತ್ತು ಬಿಗಿ ಮಾಡುತ್ತಿದ್ದೆ.

ಎಂಟನೆಯ ದಿನ ಹಲಗೆ ಪೂರಿಯ ಹಾಗೆ ಉಬ್ಬಿತು. ನಿನ್ನೆ ಮದುವೆ ಸೀರೆ ನೋಡಲು ಬಂದ ಹೆಂಗಸರು ಕೂತಿದ್ದಾಗ, ತಂತಿಯ ಕೆಳತುದಿ ಕಟ್ಟುವ ಮರದ ಪಟ್ಟಿ, ಬ್ರಿಡ್ಜು ಅನ್ನುತ್ತಾರಲ್ಲ, ಅದು ಫಟ್ ಅಂತ ಕಿತ್ತು ಶೋಕೇಸಿನ ಗಾಜಿಗೆ ಬಡಿಯಿತು. ಹೆಂಗಸರು ಎದ್ದು ಹೋದರು.

ಇಡೀ ದೇವದಾರು ಅಂದೆ. ಆರು ತಂತಿಯ ಎಳೆತ ತಡೆಯದ ಹಲಗೆ ಎಂಥ ಹಲಗೆ? ಮತ್ತೊಮ್ಮೆ ನಿನ್ನ ಸರಕು ನನ್ನ ಅಂಗಡಿಯ ಮರ್ಯಾದೆ ತೆಗೆಯಿತು. ಹಳೆಯ ಮಾತು ಬೇಡ ಅಂದವನು ನಾನೇ, ಆದರೆ ಈಗ ಹೇಳುತ್ತೇನೆ. 2003ರಲ್ಲಿ ಸೀರೆ ವ್ಯಾಪಾರಿಗಳ ಸಂಘದ ನಲವತ್ತು ಜನರ ಮುಂದೆ ನೀನು ತಂದ ಗದ್ವಾಲ ಸೀರೆಯ ಎಳೆಗೆ ಕಡ್ಡಿ ಗೀರಿದೆ. ರೇಷ್ಮೆಯಾಗಿದ್ದರೆ ಬೂದಿಯಾಗಬೇಕಿತ್ತು, ಅದು ಕರಗಿ ಮಣಿಯಾಯಿತು. ಎಲ್ಲರೂ ನೋಡಿದರು. ಅವತ್ತು ನೈಲಾನು ಕೊಟ್ಟವನು ಇವತ್ತೂ ನೈಲಾನನ್ನೇ ಕೊಟ್ಟಿದ್ದಾನೆ.

ಗುರುಲಿಂಗ


ನಾರಾಯಣಪೇಟೆ,
4 ಮೇ 2014

ಶಂಕರಯ್ಯ ಕಾಕಾ ಅವರಿಗೆ ರಂಜನಿಯ ನಮಸ್ಕಾರ.

ಚುನಾವಣೆಯ ದಿನ ಓಟು ಹಾಕಲು ಊರಿಗೆ ಬಂದೆ, ಇನ್ನು ಇಲ್ಲೇ ಇರುತ್ತೇನೆ. ಗಿಟಾರು ಹಳೆಯ ಸೀರೆಯಲ್ಲಿ ಸುತ್ತಿಟ್ಟಿತ್ತು. ಬಿಚ್ಚಿ ನೋಡಿದಾಗ ನನಗೆ ಅಳುವೇ ಬಂತು. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದೆ ಕಾಕಾ, ಬ್ರಿಡ್ಜು ಇಲ್ಲದೆಯೂ ಎಷ್ಟು ಚೆಂದ ದನಿ ಕೊಡುತ್ತದೆ. ಹೈದರಾಬಾದಿನಲ್ಲಿ ನೋಡಿದ ಹನ್ನೊಂದರಲ್ಲಿ ಒಂದೂ ಹೀಗೆ ಇರಲಿಲ್ಲ.

ಅಪ್ಪ ನಿಮಗೆ ಏನು ಬರೆದಿದ್ದಾನೋ ಗೊತ್ತಿಲ್ಲ. ನೀವು ಉತ್ತರ ಬರೆದಿಲ್ಲ ಅಂದಮೇಲೆ ಒಳ್ಳೆಯದೇನೂ ಬರೆದಿರಲಿಕ್ಕಿಲ್ಲ. ಸ್ಟೀಲ್ ತಂತಿಯ ಕಥೆ ಅವನೇ ನನಗೆ ಹೇಳಿದ, ಗಿಟಾರಿನದೇ ತಪ್ಪು ಅನ್ನುವ ಧಾಟಿಯಲ್ಲಿ. ನಾನು ಕೂಗಾಡಲಿಲ್ಲ. “ಅಪ್ಪಾ, ಈ ಗಿಟಾರಿಗೆ ನೈಲಾನೇ ಖರೇ ತಂತಿ. ಹಲಗಿ ತೆಳ್ಳಗ ಮಾಡಿದ್ದೇ ಅದಕ್ಕ. ಸ್ಟೀಲ್ ಕಟ್ಟಿದ್ರ ಎರಡು ಪಟ್ಟು ಎಳೀತೈತಿ. ಎಂಥಾ ಬ್ರ್ಯಾಂಡ್ ಇದ್ರೂ ಕಿತ್ತು ಬರ್ತೈತಿ” ಅಂದೆ.

ಅವನು ವಾದ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ. ಎದ್ದು ಹೋಗಿ ಗಲ್ಲಾಪೆಟ್ಟಿಗೆಯ ಡ್ರಾಯರಿನಿಂದ ಬಿಚ್ಚಿಟ್ಟಿದ್ದ ನೈಲಾನ್ ತಂತಿ ತಂದ. ಒಂದು ತುಂಡು ಕತ್ತರಿಸಿ ಕಡ್ಡಿ ಗೀರಿ ಹಚ್ಚಿದ. ಅದು ಕರಗಿ ಸಣ್ಣ ಮಣಿಯಾಯಿತು. ತಣ್ಣಗಾದ ಮೇಲೆ ಅಂಗೈಯಲ್ಲಿ ಇಟ್ಟುಕೊಂಡು ಸಂಜೆಯವರೆಗೂ ಹಾಗೇ ಕೂತಿದ್ದ. ಎರಡು ದಿನದಿಂದ ಅಂಗಡಿ ತೆಗೆದಿಲ್ಲ. ಮದುವೆಯ ಸೀಸನ್ನು, ಇಂಥ ಹೊತ್ತಿನಲ್ಲಿ ಅವನು ಅಂಗಡಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ತಿನ್ನುತ್ತಾನೆ, ಹೋಗಿ ಅಲ್ಲೇ ಕೂರುತ್ತಾನೆ. ನನಗೆ ಹೆದರಿಕೆ ಆಗುತ್ತಿದೆ.

ತಂತಿ ಬದಲಿಸಬಾರದು ಅಂತ ನಾನೂ ಅವನಿಗೆ ಹೇಳಿರಲಿಲ್ಲ. ಹೇಳಬೇಕಾದ ಮಾತು ಅಂತ ತೋಚಲಿಲ್ಲ. ಗಿಟಾರನ್ನು ರಾಮುಲು ಅವರ ಬಸ್ಸಿಗೆ ಹಾಕಿದ್ದೇನೆ. ಮತ್ತೆ ನುಡಿಸುವ ಹಾಗೆ ಆಗುತ್ತದೆಯೇ ಕಾಕಾ? ಆಗದಿದ್ದರೂ ಅದರ ಬೆಲೆ ನಾನು ಕೊಡುತ್ತೇನೆ, ಮೊದಲ ಸಂಬಳದಿಂದ.

ನಿಮ್ಮ,
ಶಿವರಂಜನಿ


ನಾರಾಯಣಪೇಟೆ,
9 ಮೇ 2014

ಶಂಕರಯ್ಯ,

ಗಿಟಾರನ್ನು ಕೆಡಿಸಿದವನು ನಾನು. ಅದರ ಮರಕ್ಕೂ ಅದನ್ನು ಮಾಡಿದವನಿಗೂ ನಿನಗೂ ಹತ್ತಿಸಿದ ದೋಷ ಸುಳ್ಳು. ಇದು ಸುಲಭದ ಭಾಗ, ಬರೆದು ಮುಗಿಯಿತು.

ಇನ್ನೊಂದು ಇದೆ. ನಾಲ್ಕು ದಿನದಿಂದ ಬರೆದು ಹರಿದು ಹಾಕುತ್ತಿದ್ದೇನೆ. ಜೀವಮಾನದಲ್ಲಿ ಒಂದು ಬಿಲ್ಲನ್ನೂ ಎರಡು ಸಲ ಬರೆದವನಲ್ಲ ನಾನು.

2003ರಲ್ಲಿ ನಾನು ಸುಟ್ಟದ್ದು ಸೀರೆಯ ಎಳೆಯಲ್ಲ. ನಮ್ಮ ಅಂಗಡಿಯ ಹೆಸರಿನ ಬಟ್ಟೆಯ ಚೀಟಿಯನ್ನು ಪ್ರತಿ ಸೀರೆಯ ಮೂಲೆಯಲ್ಲಿ ಹೊಲಿಸುತ್ತಿದ್ದೆವಲ್ಲ, ಆ ಹೊಲಿಗೆಯ ದಾರ. ಎದ್ದು ಕಾಣಬಾರದು ಅಂತ ಟೈಲರು ಅಂಚಿನ ಬಣ್ಣದ್ದೇ ನೈಲಾನು ದಾರ ಹಾಕುತ್ತಿದ್ದ. ರಾಯಚೂರಿನ ಗಿರಾಕಿ ರೇಷ್ಮೆ ಶುದ್ಧವಲ್ಲ ಅಂತ ದೂರು ಹೇಳಿದ್ದ, ಸಂಘದಲ್ಲಿ ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಅವಸರದಲ್ಲಿ ಮೂಲೆಯಿಂದ ಒಂದು ಎಳೆ ಎಳೆದೆ. ಬಂತು. ಕಡ್ಡಿ ಗೀರಿದೆ. ಇನ್ನೊಂದು ಎಳೆ ಸುಟ್ಟು ನೋಡು ಅಂತ ನೀನು ಕೇಳಿದೆ. ನನ್ನ ಪರೀಕ್ಷೆಯನ್ನು ಎರಡನೆಯ ಸಲ ಮಾಡಬೇಕೇ ಅಂತ ನಾನು ನಕ್ಕೆ. ಎಲ್ಲರೂ ನಕ್ಕರು. ನೀನು ಅವತ್ತೇ ಸಂಜೆಯ ಬಸ್ಸಿಗೆ ಗದ್ವಾಲಕ್ಕೆ ಹೋದೆ.

ಇದು ಈಗ ತಿಳಿದದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು. ನನಗೆ ತಿಳಿದದ್ದು ನೀನು ಹೋದ ಮೂರೇ ತಿಂಗಳಿಗೆ. ಟೈಲರು ಬಂದು, ಚೀಟಿ ಹೊಲಿಯುವ ನೈಲಾನು ಉಂಡೆ ಮುಗಿದಿದೆ, ಬೇರೆ ತರಿಸಿ ಅಂದ. ನಿಂತಲ್ಲೇ ನನಗೆ ಹೊಳೆಯಿತು. ಅವತ್ತೇ ಆ ಸೀರೆ ತೆಗೆದು ನಿಜವಾದ ಎಳೆ ಎಳೆದು ಸುಟ್ಟೆ. ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಅಪ್ಪಟ ರೇಷ್ಮೆ. ನಾಳೆ ಬರೆಯೋಣ ಅಂದುಕೊಂಡೆ. ಆಮೇಲೆ ದೀಪಾವಳಿ ಕಳೆಯಲಿ ಅಂದುಕೊಂಡೆ. ಗುರುಲಿಂಗನ ಕೈ ತಪ್ಪುವುದಿಲ್ಲ ಅಂತ ಊರೇ ಹೇಳುತ್ತಿತ್ತು, ಅದು ಕೇಳಲು ಹಿತವಾಗಿತ್ತು. ಹೋದ ತಿಂಗಳು ನಿನಗೆ ಆ ಕೊನೆಯ ಸಾಲು ಬರೆಯುವಾಗಲೂ ನನಗೆ ನಿಜ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಕ್ಷಮಿಸು ಅಂತ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಗುರುಲಿಂಗ


ಗದ್ವಾಲ,
20 ಮೇ 2014

ಗುರುಲಿಂಗ,

ನಿನ್ನ ಕಾಗದ ಓದಿದ ದಿನ ನಾನು ಅಂಗಡಿಯಲ್ಲಿ ಒಂದು ಕೆಲಸವನ್ನೂ ಮಾಡಲಾರದೆ ಹೋದೆ. ನಿನ್ನ ಮೇಲಿನ ಸಿಟ್ಟಿನಿಂದ ಮಾತ್ರ ಅಲ್ಲ. ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ.

ಆ ಸೀರೆ ನೇಯ್ದವನು ಇಲ್ಲೇ ಹತ್ತಿರದ ಐಜ ಊರಿನ ಭೀಮಯ್ಯ. ಎಳೆ ಕರಗಿ ಮಣಿಯಾದದ್ದನ್ನು ನಾನೂ ಕಣ್ಣಾರೆ ಕಂಡೆನಲ್ಲ. ನಾನು ಮೋಸ ಮಾಡಿಲ್ಲ ಅಂದಮೇಲೆ ಮಾಡಿದವನು ಅವನೇ ಇರಬೇಕು ಅಂದುಕೊಂಡೆ. ಮರುದಿನವೇ ಐಜಕ್ಕೆ ಹೋಗಿ ಅವನ ಮನೆಯ ಮುಂದೆ, ಓಣಿಯ ಜನರೆಲ್ಲ ಕೇಳುವ ಹಾಗೆ ಕಳ್ಳ ಅಂದೆ. ಅವನು ಮಗ್ಗ ಮುಟ್ಟಿ ಆಣೆ ಮಾಡಿದ. ನಾನು ನಂಬಲಿಲ್ಲ. ಸುದ್ದಿ ಕರ್ನೂಲಿನವರೆಗೆ ಹೋಯಿತು, ಅಲ್ಲಿನ ವ್ಯಾಪಾರಿಗಳೂ ಅವನ ಮಾಲು ಬಿಟ್ಟರು. ಎರಡು ವರ್ಷಕ್ಕೆ ಮಗ್ಗ ಮಾರಿದ. ಈಗ ಹತ್ತಿ ಮಿಲ್ಲಿನಲ್ಲಿ ಕಾವಲು ಕೆಲಸ. ಈ ಹನ್ನೊಂದು ವರ್ಷ ನನಗೆ ಅನ್ಯಾಯವಾಗಿದೆ ಅಂತ ನಾನು ನೆಮ್ಮದಿಯಿಂದ ಕೊರಗಿಕೊಂಡಿದ್ದೆ. ನೀನು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದ್ದೆ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಐಜಕ್ಕೆ ಹೋದೆ. ಅದೇ ಓಣಿಯಲ್ಲಿ ನಿಂತು ಅವನ ಕೈ ಹಿಡಿದು ತಪ್ಪಾಯಿತು ಅಂದೆ. ನೀನು ಬರೆದದ್ದನ್ನು ಓದಿ ಹೇಳಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ, “ಅಯ್ನೋರ, ನಿಮ್ಮ ಮಾತು ಈ ಓಣಿಗಿ ಸಾಕು. ಆದ್ರ ನನ್ನ ಹೆಸರು ಹೋಗಿದ್ದು ನಾರಾಯಣಪೇಟ್ಯಾಗ” ಅಂದ.

ಜೂನ್ ಎರಡಕ್ಕೆ ಹೊಸ ರಾಜ್ಯದ ಮೊದಲ ದಿನ. ನಿಮ್ಮ ಸಂಘದಲ್ಲಿ ಬಾವುಟ ಏರಿಸುತ್ತಾರೆ, ಎಲ್ಲ ವ್ಯಾಪಾರಿಗಳೂ ಬರುತ್ತಾರೆ. ಭೀಮಯ್ಯನನ್ನು ನಾನು ಬಸ್ಸು ಹತ್ತಿಸುತ್ತೇನೆ. ನಾನು ಬರುವುದಿಲ್ಲ. ಬಂದರೆ ನೀನು ನನ್ನನ್ನು ನೋಡಿಕೊಂಡು ಮಾತಾಡುತ್ತೀಯ. ಅವನನ್ನು ನೋಡಿ ಹೇಳು.

ಗಿಟಾರು ಸರಿಯಾಗಿದೆ. ಹಲಗೆಗೆ ತೇವ ಕೊಟ್ಟು ಒತ್ತಿ ಕೂಡಿಸಿ ಬ್ರಿಡ್ಜು ಅಂಟಿಸಿದ್ದೇನೆ. ಉಬ್ಬು ಪೂರ್ತಿ ಹೋಗಿಲ್ಲ, ದನಿಗೆ ಊನವಿಲ್ಲ. ನೈಲಾನು ತಂತಿಯನ್ನೇ ಕಟ್ಟಿದ್ದೇನೆ, ಮುಟ್ಟಬೇಡ. ನಾಳೆ ಕಳಿಸುತ್ತೇನೆ. ನೀನು ಸಂಘದಲ್ಲಿ ಬಾಯಿ ಬಿಟ್ಟರೂ ಬಿಡದಿದ್ದರೂ ಅದು ರಂಜನಿಯದು.

ನೀನು ಕೇಳಿದ ಕ್ಷಮೆಯ ವಿಷಯ ಈಗ ಬೇಡ. ಮೊದಲು ಭೀಮಯ್ಯ.

ಶಂಕರಯ್ಯ


ನಾರಾಯಣಪೇಟೆ,
3 ಜೂನ್ 2014

ಶಂಕರಯ್ಯ,

ಗಿಟಾರು ಮುಟ್ಟಿತು. ರಂಜನಿ ದಿನಾ ನುಡಿಸುತ್ತಾಳೆ. ನಾನು ಎದುರಿಗೆ ಹತ್ತು ಹೆಜ್ಜೆ ದೂರ ಕೂತು ಕೇಳುತ್ತೇನೆ, ಕೈ ಕಟ್ಟಿಕೊಂಡು. ಹನ್ನೆರಡಕ್ಕೆ ಅವಳು ಮಕ್ತಲ್ ಬಸ್ಸು ಹತ್ತುತ್ತಾಳೆ.

ನಿನ್ನೆಯದು ಹೇಳುತ್ತೇನೆ. ಭೀಮಯ್ಯ ಬೆಳಿಗ್ಗೆ ಏಳಕ್ಕೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಕರೆಯಲು ಹೋದವನಿಗೆ ಗುರುತೇ ಸಿಗಲಿಲ್ಲ, ಅವನೇ ನನ್ನನ್ನು ಗುರುತು ಹಿಡಿದ. ಮನೆಗೆ ಕರೆದೆ, ನಾಷ್ಟಾ ಮಾಡು ಅಂದೆ. ಆಮೇಲೆ ನೋಡೋಣ ಅಂದು ನೇರ ಸಂಘಕ್ಕೆ ನಡೆದ. ಮೊದಲ ಸಾಲಿನ ಕುರ್ಚಿಯಲ್ಲಿ ಕೂಡಿಸಿದೆ. ಅಕ್ಕಪಕ್ಕದವರು ಇವನು ಯಾರು ಅಂತ ನನ್ನನ್ನು ಕೇಳಿದರು. ಹೇಳುತ್ತೇನೆ ಅಂದೆ.

ಬಾವುಟ ಏರಿತು. ಅಧ್ಯಕ್ಷರು ಹೊಸ ರಾಜ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅವರು ಮುಗಿಸಿದ ಮೇಲೆ ನಾನು ಎದ್ದು ನಿಂತೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಅಂಗಡಿಯಲ್ಲಿ ಮಾತಾಡಿದರೆ ಚೌಕಿನವರೆಗೂ ಕೇಳುತ್ತದೆ. ನಿನ್ನೆ ಅದು ನನ್ನದೇ ಅಲ್ಲವೇನೋ ಅನ್ನುವಷ್ಟು ಸಣ್ಣಗಿತ್ತು. ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಹನ್ನೊಂದು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಸುಟ್ಟದ್ದು ನನ್ನ ಅಂಗಡಿಯ ಚೀಟಿಯ ದಾರ, ಇವರು ಐಜದ ಭೀಮಯ್ಯ, ಇವರು ನೇಯ್ದದ್ದು ಅಪ್ಪಟ ರೇಷ್ಮೆ, ಶಂಕರಯ್ಯ ತಂದದ್ದೂ ಅದನ್ನೇ, ಮೂರು ತಿಂಗಳಿಗೆ ನನಗೆ ನಿಜ ತಿಳಿದರೂ ಮುಚ್ಚಿಟ್ಟೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ, ನನ್ನ ಮುಖ ನೋಡಲಾರದೆ, ಸಿಹಿ ಹಂಚಿರಿ ಅಂತ ಹೇಳಿದರು. ಕುರ್ಚಿಗಳು ಸರಿದವು. ನಾನು ಕೂರಲು ಹೋದೆ, ಉಸಿರು ಬಿಟ್ಟೆ ಅಂತಲೇ ಹೇಳಬೇಕು.

ಭೀಮಯ್ಯ ಮಾತ್ರ ಏಳಲಿಲ್ಲ. ಕೂತಲ್ಲಿಂದಲೇ, ಸಿಟ್ಟಿಲ್ಲದೆ ಹೇಳಿದ, “ಸಾವ್ಕಾರ್ರ, ಇನ್ನೊಮ್ಮ ಹೇಳ್ರಿ. ಹಿಂದ ಕುಂತವ್ರಿಗಿ ಕೇಳಿಲ್ಲ.”

ಎದ್ದವರೆಲ್ಲ ಮತ್ತೆ ಕೂತರು. ನಾನು ಅವನನ್ನು ನೋಡಿಕೊಂಡು ಇನ್ನೊಮ್ಮೆ ಹೇಳಿದೆ, ಹೊರಗೆ ಬಾಗಿಲಲ್ಲಿ ನಿಂತಿದ್ದವರಿಗೂ ಕೇಳುವ ಹಾಗೆ.

ಗುರುಲಿಂಗ